ಪೈಲಟ್‌ಗಳ ಮಾತು: ಒಂದು ಪದಕ್ಕೆ ಒಂದೇ ಅರ್ಥ ಏಕೆ?

ಪ್ರಶ್ನೆ: ಕಳೆದ ತಿಂಗಳು ಬೆಂಗಳೂರಿನಿಂದ ಮಂಗಳೂರಿಗೆ ಬರುತ್ತಿದ್ದಾಗ, ಚಕ್ರ ಇನ್ನೇನು ನೆಲ ಮುಟ್ಟಿತು ಎನ್ನುವಷ್ಟರಲ್ಲಿ ವಿಮಾನ ಅಬ್ಬರಿಸಿ ಮತ್ತೆ ಮೇಲೇರಿತು. ಎಷ್ಟೋ ಹೊತ್ತಿನ ನಂತರ ಪೈಲಟ್ "ಗೋ ಅರೌಂಡ್ ಮಾಡಬೇಕಾಯಿತು" ಎಂದಷ್ಟೇ ಹೇಳಿದರು. ಅದು ಅಪಾಯದ ಸೂಚನೆಯೇ? ಪೈಲಟ್ ಆಗಬೇಕೆಂದು ಹಂಬಲಿಸುವ ನನ್ನ ಮಗಳು ಕಾಕ್‌ಪಿಟ್ ವಿಡಿಯೊಗಳನ್ನು ನೋಡಿ ರೋಜರ್, ವಿಲ್ಕೊ, ವಿ ವನ್, ಸ್ಕ್ವಾಕ್ ಎಂದೆಲ್ಲ ಹೇಳುತ್ತಿರುತ್ತಾಳೆ. ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಾಮಾನ್ಯ ಇಂಗ್ಲಿಷ್‌ನಲ್ಲೇ ಮಾತನಾಡಿಕೊಂಡರೆ ಸಾಲದೇ? ಈ ಒಗಟಿನಂಥ ಪದಗಳೇಕೆ?
— ಓದುಗರೊಬ್ಬರು, ಪುತ್ತೂರು

ಉತ್ತರ: ಮೊದಲು ನಿಮ್ಮ ಗಾಬರಿಯ ವಿಷಯ. ಅಂದು ನಿಮ್ಮ ಪೈಲಟ್ ಮಾಡಿದ್ದು ಸರಿಯಾದ ಕೆಲಸ. ಗೋ ಅರೌಂಡ್ ಎಂದರೆ ಇಳಿಯುವ ಪ್ರಯತ್ನವನ್ನು ಕೈಬಿಟ್ಟು, ಎಂಜಿನ್‌ಗಳ ಬಲ ಹೆಚ್ಚಿಸಿ ಮೇಲೇರಿ, ಸುತ್ತು ಹಾಕಿ ಮತ್ತೊಮ್ಮೆ ಬರುವುದು. ಕಾರಣ ಬಹಳ ಸಲ ತೀರಾ ಸಾಮಾನ್ಯವಾದದ್ದು: ಮುಂದಿನ ವಿಮಾನ ರನ್‌ವೇಯಿಂದ ಇನ್ನೂ ಹೊರಬಿದ್ದಿಲ್ಲ, ಗಾಳಿ ದಿಕ್ಕು ಬದಲಿಸಿತು, ನಾಯಿಯೋ ನವಿಲೋ ಅಡ್ಡ ಬಂತು, ಮಳೆಯ ತೆರೆಯಲ್ಲಿ ರನ್‌ವೇ ಕಾಣಲಿಲ್ಲ. ಆ ಕ್ಷಣದಲ್ಲಿ ಕಾಕ್‌ಪಿಟ್‌ನಲ್ಲಿ ಇಬ್ಬರಿಗೂ ಕೈತುಂಬ ಕೆಲಸವಿರುತ್ತದೆ. ಮೂಗನ್ನು ಮೇಲೆತ್ತಬೇಕು, ರೆಕ್ಕೆಯ ಫ್ಲ್ಯಾಪ್ (ರೆಕ್ಕೆಯ ಹಿಂಚಿನಲ್ಲಿ ಕೆಳಕ್ಕೆ ಬಾಗುವ ಪಟ್ಟಿ) ಒಂದು ಹಂತ ಮೇಲೆ ಸರಿಸಬೇಕು, ವಿಮಾನ ನಿಜವಾಗಿ ಏರುತ್ತಿದೆ ಎಂದು ಖಚಿತಪಡಿಸಿಕೊಂಡು ಚಕ್ರ ಮಡಚಬೇಕು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರಿಗೆ ತಿಳಿಸಬೇಕು, ಹೊಸ ಎತ್ತರ ಮತ್ತು ದಿಕ್ಕನ್ನು ಪಡೆಯಬೇಕು. ಪ್ರಯಾಣಿಕರಿಗೆ ಹೇಳುವ ಸರದಿ ಇದೆಲ್ಲ ಮುಗಿದ ಮೇಲೆ. ಆ ಮೌನ ನಿಮಗೆ ಯುಗದಂತೆ ಅನಿಸಿರಬಹುದು, ಆದರೆ ಅದು ಏನನ್ನೋ ಮುಚ್ಚಿಡುವ ಮೌನವಲ್ಲ.

ಇಳಿಯುವ ಪ್ರತಿ ವಿಮಾನವೂ ನೆಲದಿಂದ ನಿರ್ದಿಷ್ಟ ಎತ್ತರದಲ್ಲಿ ಒಂದು ಪರೀಕ್ಷೆಗೆ ಒಳಗಾಗುತ್ತದೆ. ಸಾಮಾನ್ಯವಾಗಿ ಮೋಡ ಮುಸುಕಿದ್ದರೆ 1,000 ಅಡಿ, ಎಲ್ಲ ನಿಚ್ಚಳವಾಗಿದ್ದರೆ 500 ಅಡಿ. ಆ ಹೊತ್ತಿಗೆ ಚಕ್ರ ಇಳಿದಿರಬೇಕು, ಫ್ಲ್ಯಾಪ್ ಸರಿಯಾಗಿರಬೇಕು, ವೇಗ ಹಿಡಿತದಲ್ಲಿರಬೇಕು, ಇಳಿಜಾರಿನ ದಾರಿ ತಪ್ಪಿರಬಾರದು. ಇದನ್ನು ಸ್ಟೆಬಿಲೈಸ್ಡ್ ಅಪ್ರೋಚ್ ಎನ್ನುತ್ತಾರೆ. ಇವುಗಳಲ್ಲಿ ಒಂದು ಕೂಡದಿದ್ದರೂ ಉತ್ತರ ಗೋ ಅರೌಂಡ್. ಇನ್ನೂ ಕೆಳಗೆ ಬಂದಾಗ ಯಂತ್ರದ ಧ್ವನಿ "ಮಿನಿಮಮ್ಸ್" ಎನ್ನುತ್ತದೆ. ರನ್‌ವೇ ಅಥವಾ ಅದರ ದೀಪಗಳು ಕಣ್ಣಿಗೆ ಬೀಳದೆ ಇದಕ್ಕಿಂತ ಕೆಳಗೆ ಹೋಗುವಂತಿಲ್ಲ ಎಂಬ ಗೆರೆ ಅದು. ಕಂಡರೆ "ಲ್ಯಾಂಡಿಂಗ್", ಕಾಣದಿದ್ದರೆ "ಗೋ ಅರೌಂಡ್". ಪೈಲಟ್ ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಹೇಳಲೇಬೇಕು.

ಈ ಪದದ ಬೆಲೆಯನ್ನು ಮಂಗಳೂರಿನ ಕಡೆಯವರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ತೀರಾ ಎತ್ತರದಿಂದ, ತೀರಾ ವೇಗವಾಗಿ ಇಳಿದು ಬಂತು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದ ಜಾಗದಲ್ಲಿ ನಿಲ್ಲಲಾಗದೆ ಕಮರಿಗೆ ಬಿತ್ತು. 166 ಜನರಲ್ಲಿ ಬದುಕುಳಿದವರು ಎಂಟು ಮಂದಿ. ತನಿಖಾ ವರದಿ ಸ್ಪಷ್ಟವಾಗಿ ಹೇಳಿದ ಮಾತು ಇದು: ಸಹಪೈಲಟ್ ಮೂರು ಸಲ ಗೋ ಅರೌಂಡ್ ಎಂದರು, ನೆಲ ಸಮೀಪಿಸುತ್ತಿದೆ ಎಂದು ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು, ಆದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನ ಬಿಡಲಿಲ್ಲ. ಸರಿಯಾದ ಪದ, ಸರಿಯಾದ ಹೊತ್ತಿಗೆ, ಸರಿಯಾದ ಬಾಯಿಂದಲೇ ಬಂದಿತ್ತು. ಅದಕ್ಕೆ ಸಿಗಬೇಕಾದ ವಿಧೇಯತೆ ಸಿಗಲಿಲ್ಲ. ಇಂದು ಬಹುತೇಕ ವಿಮಾನ ಸಂಸ್ಥೆಗಳಲ್ಲಿ ಇಬ್ಬರಲ್ಲಿ ಯಾರೇ ಗೋ ಅರೌಂಡ್ ಎಂದರೂ ವಿಮಾನ ಮೇಲೇರಲೇಬೇಕು, ಹಾಗೆ ಹೇಳಿದವರನ್ನು ಆಮೇಲೆ ದಂಡಿಸುವಂತಿಲ್ಲ ಎಂಬ ನೀತಿ ಇದೆ. ಹಾಗಾಗಿ ನಿಮ್ಮ ವಿಮಾನ ಅಂದು ಮೇಲೇರಿತು ಎಂದು ಕೇಳಿದಾಗ ನನಗಾದದ್ದು ಸಮಾಧಾನ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಸಾಮಾನ್ಯ ಇಂಗ್ಲಿಷ್ ಏಕೆ ಸಾಲದು? ಸಾಮಾನ್ಯ ಮಾತಿನಲ್ಲಿ ಒಂದು ಪದಕ್ಕೆ ನಾಲ್ಕು ಅರ್ಥಗಳಿರುತ್ತವೆ, ಎದುರಿಗಿರುವವರ ಮುಖ ನೋಡಿ ನಾವು ಸರಿಯಾದದ್ದನ್ನು ಆರಿಸಿಕೊಳ್ಳುತ್ತೇವೆ. ರೇಡಿಯೊದಲ್ಲಿ ಮುಖವಿಲ್ಲ. ಒಂದೇ ತರಂಗಾಂತರದಲ್ಲಿ ಹಲವು ವಿಮಾನಗಳಿರುತ್ತವೆ, ಒಂದು ಹೊತ್ತಿಗೆ ಒಬ್ಬರಷ್ಟೇ ಮಾತನಾಡಬಹುದು, ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಕಿರ್ರೆಂಬ ಸದ್ದು ಮಾತ್ರ.

1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ ಆದದ್ದು ಇದೇ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳು ಟೆನೆರಿಫ್‌ನ ಸಣ್ಣ ನಿಲ್ದಾಣಕ್ಕೆ ಬಂದಿದ್ದವು. ದಟ್ಟ ಮಂಜು. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ರನ್‌ವೇ ತುದಿಯಲ್ಲಿ ಹೊರಡಲು ನಿಂತಿತ್ತು, ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು 747 ಅದೇ ರನ್‌ವೇ ಮೇಲೆ ನಿಧಾನವಾಗಿ ಎದುರಿನಿಂದ ಬರುತ್ತಿತ್ತು. ನಿಯಂತ್ರಕರು ಕೆಎಲ್‌ಎಂಗೆ ಕೊಟ್ಟದ್ದು ಹಾರಿದ ನಂತರದ ದಾರಿಯ ಅನುಮತಿ ಮಾತ್ರ, ಆದರೆ ಅದರೊಳಗೆ "ಟೇಕ್ ಆಫ್" ಎಂಬ ಪದ ಸೇರಿತ್ತು. ಸಹಪೈಲಟ್ ಅದನ್ನು ಮರುಉಚ್ಚರಿಸಿ ಕೊನೆಗೆ "ನಾವೀಗ ಟೇಕ್ ಆಫ್‌ನಲ್ಲಿದ್ದೇವೆ" ಎಂಬರ್ಥದ ಮಾತು ಸೇರಿಸಿದರು. ನಿಯಂತ್ರಕರ ಟವರ್‌ನಲ್ಲಿ ಅದು "ಹೊರಡಲು ಸಿದ್ಧವಾಗಿ ನಿಂತಿದ್ದೇವೆ" ಎಂದು ಕೇಳಿಸಿತು. ಕಾಕ್‌ಪಿಟ್‌ನಲ್ಲಿ ವಿಮಾನ ಆಗಲೇ ಓಡುತ್ತಿತ್ತು. ನಿಯಂತ್ರಕರು "ಓಕೆ" ಎಂದು, ಸ್ವಲ್ಪ ತಡೆದು, ಕಾಯಿರಿ ಎಂದರು. ಅದೇ ಕ್ಷಣ ಪ್ಯಾನ್ ಆಮ್ ಕೂಡ ತಾನಿನ್ನೂ ರನ್‌ವೇ ಮೇಲಿದ್ದೇನೆ ಎಂದಿತು. ಎರಡು ದನಿಗಳು ಒಂದರ ಮೇಲೊಂದು ಬಿದ್ದು ಕಾಯಬೇಕೆಂಬ ಮಾತು ಕಿರುಚಿನಲ್ಲಿ ಮುಳುಗಿತು. ಎದುರಿನ ವಿಮಾನ ಇನ್ನೂ ಹೊರಬಿದ್ದಿಲ್ಲವೇ ಎಂದು ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಹೊರಬಿದ್ದಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಸತ್ತವರು 583 ಜನ. ಅಂದಿನಿಂದ "ಟೇಕ್ ಆಫ್" ಎಂಬ ಪದವನ್ನು ನಿಯಂತ್ರಕರು ಎರಡೇ ಸಂದರ್ಭಗಳಲ್ಲಿ ಬಳಸುತ್ತಾರೆ: ಹೊರಡಲು ನಿಜವಾದ ಅನುಮತಿ ಕೊಡುವಾಗ, ಅಥವಾ ಅದನ್ನು ರದ್ದು ಮಾಡುವಾಗ. ಉಳಿದೆಲ್ಲ ಕಡೆ "ಡಿಪಾರ್ಚರ್". ರನ್‌ವೇಗೆ ಬಂದು ನಿಲ್ಲಿ ಎನ್ನಲು "ಲೈನ್ ಅಪ್ ಅಂಡ್ ವೇಟ್", ರನ್‌ವೇ ಗೆರೆ ದಾಟಬೇಡಿ ಎನ್ನಲು "ಹೋಲ್ಡ್ ಶಾರ್ಟ್".

ನಿಮ್ಮ ಮಗಳು ಹೇಳುವ ರೋಜರ್ ಎಂಬ ಪದವನ್ನೂ ಈ ಬೆಳಕಿನಲ್ಲೇ ನೋಡಿ. ಸಿನಿಮಾಗಳು ಅದನ್ನು "ಆಯಿತು, ಮಾಡುತ್ತೇನೆ" ಎಂಬಂತೆ ಬಳಸುತ್ತವೆ. ನಿಜವಾದ ಅರ್ಥ "ನೀವು ಹೇಳಿದ್ದೆಲ್ಲ ನನಗೆ ತಲುಪಿತು" ಎಂದಷ್ಟೇ. ಒಪ್ಪಿಗೆ ಅದರಲ್ಲಿಲ್ಲ. "ಅರ್ಥವಾಯಿತು, ಹಾಗೆಯೇ ಮಾಡುತ್ತೇನೆ" ಎನ್ನಲು ವಿಲ್ಕೊ ಇದೆ. ಹೌದು ಎನ್ನಲು "ಅಫರ್ಮ್", ಅಲ್ಲ ಎನ್ನಲು "ನೆಗೆಟಿವ್". "ಸ್ಟ್ಯಾಂಡ್ ಬೈ" ಎಂದರೆ ಕಾಯಿರಿ, ನಾನೇ ಕರೆಯುತ್ತೇನೆ; ಅದನ್ನು ಅನುಮತಿ ಎಂದು ತಿಳಿಯುವಂತಿಲ್ಲ. "ಓವರ್ ಅಂಡ್ ಔಟ್" ಎಂಬ ಜೋಡಿಯಂತೂ ತನ್ನನ್ನೇ ಅಲ್ಲಗಳೆಯುತ್ತದೆ: ಓವರ್ ಎಂದರೆ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ, ಔಟ್ ಎಂದರೆ ಮಾತು ಮುಗಿಯಿತು.

ಮುಖ್ಯವಾದ ಅನುಮತಿಗಳಿಗೆ ಇವ್ಯಾವುವೂ ಸಾಲುವುದಿಲ್ಲ. ಎತ್ತರ, ದಿಕ್ಕು, ವೇಗ, ರನ್‌ವೇ ಸಂಖ್ಯೆ, ಇವನ್ನೆಲ್ಲ ಪೈಲಟ್ ಅಕ್ಷರಶಃ ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಇದಕ್ಕೆ ರೀಡ್ ಬ್ಯಾಕ್ ಎಂದು ಹೆಸರು. ನನ್ನ ದೃಷ್ಟಿಯಲ್ಲಿ ವಾಯುಯಾನದ ರೇಡಿಯೊ ಮಾತಿನಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲ, ಮತ್ತು ಅದು ಎರಡೂ ಕಡೆಯವರು ಎಚ್ಚರವಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. 1989ರ ಫೆಬ್ರುವರಿ 19ರಂದು ಕೌಲಾಲಂಪುರ ಬಳಿ ಸರಕು ಸಾಗಿಸುತ್ತಿದ್ದ ಫ್ಲೈಯಿಂಗ್ ಟೈಗರ್ 747ಕ್ಕೆ 2,400 ಅಡಿಗೆ ಇಳಿಯಲು ಸೂಚನೆ ಬಂತು. ನಿಯಂತ್ರಕರು ಹೇಳಿದ್ದು "ಡಿಸೆಂಡ್ ಟೂ ಫೋರ್ ಝೀರೊ ಝೀರೊ". ಆ "ಟೂ" ಎರಡು ಎಂಬ ಅಂಕಿ. ಕಾಕ್‌ಪಿಟ್‌ನಲ್ಲಿ ಅದು "ಅಲ್ಲಿಯವರೆಗೆ" ಎನ್ನುವ ಪದವಾಗಿ ಕೇಳಿಸಿ ಉಳಿದದ್ದು 400 ಅಡಿ. ಪೈಲಟ್ "ಓಕೆ, ಫೋರ್ ಝೀರೊ ಝೀರೊ" ಎಂದೇ ತಿರುಗಿ ಹೇಳಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಇಂದು ಸರಿಯಾದ ಕ್ರಮದಲ್ಲಿ 2,400 ಅಡಿಯನ್ನು "ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್" ಎನ್ನುತ್ತಾರೆ. ಒಂಬತ್ತು ಐದರಂತೆ ಕೇಳದಿರಲಿ ಎಂದು ಅದನ್ನು "ನೈನರ್" ಎಂದೂ ಐದನ್ನು "ಫೈಫ್" ಎಂದೂ ಉಚ್ಚರಿಸುತ್ತಾರೆ. ಎ, ಬಿ, ಸಿ ಬದಲು ಆಲ್ಫಾ, ಬ್ರಾವೊ, ಚಾರ್ಲಿ ಎನ್ನುವ ಅಕ್ಷರಮಾಲೆಯೂ ಗದ್ದಲದಲ್ಲಿ ಬಿ, ಡಿ, ಪಿ, ಟಿ ಒಂದೇ ಆಗಿ ಕೇಳಬಾರದೆಂದು ಹುಟ್ಟಿದ್ದು; ಈಗಿನ ರೂಪ ಜಾರಿಗೆ ಬಂದದ್ದು 1956ರಲ್ಲಿ. ಭಾರತದ ವಿಮಾನಗಳ ನೋಂದಣಿ ವಿಕ್ಟರ್ ಟ್ಯಾಂಗೊ, ಅಂದರೆ ವಿ ಟಿ, ಎಂದು ಆರಂಭವಾಗುತ್ತದೆ. ಸಂಸ್ಥೆಗಳ ರೇಡಿಯೊ ಹೆಸರು ಕೆಲವೊಮ್ಮೆ ಬೇರೆಯೇ ಇರುತ್ತದೆ: ಇಂಡಿಗೊ "ಐಫ್ಲೈ", ಬ್ರಿಟಿಷ್ ಏರ್‌ವೇಸ್ "ಸ್ಪೀಡ್‌ಬರ್ಡ್". ಹೆಸರಿನ ಕೊನೆಗೆ "ಹೆವಿ" ಎಂದಿದ್ದರೆ ದೊಡ್ಡ ವಿಮಾನ, ಅದರ ಹಿಂದೆ ಏಳುವ ಗಾಳಿಯ ಸುಳಿ ಅಪಾಯಕಾರಿ, ಅಂತರ ಕಾಯಿರಿ ಎಂದರ್ಥ. ದುಬೈಯಿಂದ ಬೆಂಗಳೂರಿಗೆ 2022ರಲ್ಲಿ ಬರತೊಡಗಿದ ದೈತ್ಯ ವಿಮಾನ ಎ380 ತನ್ನನ್ನು "ಸೂಪರ್" ಎಂದು ಕರೆದುಕೊಳ್ಳುತ್ತದೆ.

ವಿ ವನ್ ರೇಡಿಯೊ ಮಾತಲ್ಲ, ಕಾಕ್‌ಪಿಟ್‌ನೊಳಗಿನದು, ಮತ್ತು ನನಗೆ ಬಹಳ ಇಷ್ಟವಾದದ್ದು. ವಿಮಾನ ರನ್‌ವೇ ಮೇಲೆ ಓಡತೊಡಗಿದಾಗ ಏನಾದರೂ ಕೆಟ್ಟರೆ ನಿಲ್ಲಿಸಬೇಕೇ, ಹಾರಬೇಕೇ? ಆ ಒಂದೆರಡು ಸೆಕೆಂಡುಗಳಲ್ಲಿ ಕೂತು ಯೋಚಿಸಲಾಗದು. ಅದಕ್ಕೆ ಯೋಚನೆಯನ್ನು ಮೊದಲೇ ಮುಗಿಸಿರುತ್ತಾರೆ. ತೂಕ, ತಾಪಮಾನ, ಗಾಳಿ, ರನ್‌ವೇ ಉದ್ದ, ಅದು ಒದ್ದೆಯೋ ಒಣಗಿದೆಯೋ ಎಂಬುದನ್ನೆಲ್ಲ ಲೆಕ್ಕ ಹಾಕಿ ಒಂದು ವೇಗವನ್ನು ಗೊತ್ತು ಮಾಡುತ್ತಾರೆ. ಅದೇ ವಿ ವನ್. ಮಧ್ಯಮ ಗಾತ್ರದ ಜೆಟ್‌ಗೆ ಅದು ಸುಮಾರು 140 ನಾಟ್, ಅಂದರೆ ಗಂಟೆಗೆ 260 ಕಿಲೋಮೀಟರ್ ಆಸುಪಾಸು ಇರಬಹುದು. ಪ್ರತಿ ಹಾರಾಟಕ್ಕೂ ಬೇರೆ ಬೇರೆ. ಅದಕ್ಕಿಂತ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್ ಹಾಕಿ ರನ್‌ವೇ ಒಳಗೇ ನಿಲ್ಲಬಹುದು. ಅದು ದಾಟಿದ ಮೇಲೆ ನಿಲ್ಲುವ ಪ್ರಯತ್ನವೇ ಹೆಚ್ಚು ಅಪಾಯ. ಒಂದೇ ಎಂಜಿನ್ ಇದ್ದರೂ ಹಾರಲೇಬೇಕು. "ವಿ ವನ್" ಎಂಬ ಕೂಗು ಬಂದ ಕೂಡಲೇ ಕ್ಯಾಪ್ಟನ್ ಎಂಜಿನ್ ಬಲದ ಹಿಡಿಕೆಗಳ ಮೇಲಿಂದ ಕೈ ತೆಗೆಯುತ್ತಾರೆ, ಹಳೆಯ ಅಭ್ಯಾಸದಿಂದ ಕೈ ಹಿಂದಕ್ಕೆ ಎಳೆಯದಿರಲಿ ಎಂದು. ಅದರ ಬೆನ್ನಿಗೇ "ರೊಟೇಟ್", ಮೂಗು ಎತ್ತಿ ಎಂಬ ಮಾತು. ವಿ ಟೂ ಎಂದರೆ ಒಂದು ಎಂಜಿನ್ ಸತ್ತರೂ ಸುರಕ್ಷಿತವಾಗಿ ಏರಬಲ್ಲ ವೇಗ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಏಪ್ರಿಲ್ ಮಧ್ಯಾಹ್ನ ಇನ್ನೂ ತೆಳು. ಅದೇ ವಿಮಾನ ಅಲ್ಲಿ ಮೇಲೇಳಲು ಮಂಗಳೂರಿಗಿಂತ ಹೆಚ್ಚು ದೂರ ಓಡಬೇಕು. ಅಲ್ಲಿನ ರನ್‌ವೇಗಳು 4,000 ಮೀಟರ್, ಮಂಗಳೂರಿನದು 2,450 ಮೀಟರ್.

ಎತ್ತರದ ಲೆಕ್ಕ ಕೂಡ ತಿಳಿದಿರಲಿ. ವಿಮಾನ ಎತ್ತರವನ್ನು ಮುಖ್ಯವಾಗಿ ಗಾಳಿಯ ಒತ್ತಡದಿಂದ ಅಳೆಯುತ್ತದೆ, ಒತ್ತಡವೋ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ನಿಲ್ದಾಣದ ಸುತ್ತ ಆ ಹೊತ್ತಿನ ಒತ್ತಡದ ಅಂಕಿಯನ್ನು ಎತ್ತರಮಾಪಕಕ್ಕೆ ಕೊಡುತ್ತಾರೆ. ಅದರ ಹೆಸರು ಕ್ಯೂಎನ್‌ಎಚ್. ಒತ್ತಡದ ಅಳತೆಯಾದ ಹೆಕ್ಟೊಪಾಸ್ಕಲ್ ಒಂದು ತಪ್ಪಿದರೂ ಸುಮಾರು 27 ಅಡಿಯ ವ್ಯತ್ಯಾಸ. ಮೇಲೆ ಹೋದಂತೆ ಎಲ್ಲರೂ 1013 ಎಂಬ ಒಂದೇ ಅಂಕಿಗೆ ಬರುತ್ತಾರೆ, ಆಗ ಎತ್ತರವನ್ನು ಫ್ಲೈಟ್ ಲೆವೆಲ್ ಎನ್ನುತ್ತಾರೆ. ಲೆವೆಲ್ 350 ಎಂದರೆ ಸುಮಾರು 35,000 ಅಡಿ. ಎಲ್ಲರ ಅಳತೆಗೋಲು ಒಂದೇ ಆದ್ದರಿಂದ ನಡುವಿನ ಅಂತರ ಕಾಯಬಹುದು. ಆದರೆ ಅಳತೆ ಸರಿಯಿದ್ದರೂ ಕೊಟ್ಟ ಎತ್ತರವನ್ನು ಮೀರಿದರೆ? 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 14,000 ಅಡಿಗೆ ಏರುತ್ತಿದ್ದ ಸೌದಿ ವಿಮಾನಕ್ಕೂ ಇಳಿಯುತ್ತ ಬಂದು 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕಿಸ್ತಾನದ ವಿಮಾನಕ್ಕೂ ಡಿಕ್ಕಿಯಾಗಿ 349 ಜನ ಸತ್ತರು. ಇಳಿಯುತ್ತಿದ್ದ ವಿಮಾನ ತನ್ನ ಎತ್ತರದಲ್ಲಿ ನಿಲ್ಲದೆ ಕೆಳಗೆ ಹೋಗಿತ್ತು. ಆ ದುರಂತದ ನಂತರ ಡಿಕ್ಕಿ ತಪ್ಪಿಸುವ ಟಿಕಾಸ್ ಯಂತ್ರ ಭಾರತದಲ್ಲಿ ಕಡ್ಡಾಯವಾಯಿತು. ಎರಡು ವಿಮಾನಗಳ ಟಿಕಾಸ್‌ಗಳು ಪರಸ್ಪರ ಮಾತಾಡಿಕೊಂಡು ಒಂದಕ್ಕೆ "ಕ್ಲೈಂಬ್", ಇನ್ನೊಂದಕ್ಕೆ "ಡಿಸೆಂಡ್" ಎನ್ನುತ್ತವೆ. ಪೈಲಟ್ ಆಗ "ಟಿಕಾಸ್ ಆರ್‌ಎ" (ಯಂತ್ರದಿಂದ ಆದೇಶ ಬಂದಿದೆ) ಎಂದು ನಿಯಂತ್ರಕರಿಗೆ ತಿಳಿಸಿ ಯಂತ್ರದ ಮಾತನ್ನೇ ಪಾಲಿಸಬೇಕು, ನಿಯಂತ್ರಕರು ಬೇರೆ ಹೇಳಿದರೂ ಸರಿಯೇ. 2002ರಲ್ಲಿ ಜರ್ಮನಿಯ ಉಬರ್‌ಲಿಂಗೆನ್ ಮೇಲೆ ಒಂದು ವಿಮಾನ ಯಂತ್ರದ ಮಾತನ್ನೂ ಇನ್ನೊಂದು ನಿಯಂತ್ರಕರ ಮಾತನ್ನೂ ಕೇಳಿ, ಎರಡೂ ಕೆಳಗಿಳಿದು 71 ಜನ ಸತ್ತರು.

ಸ್ಕ್ವಾಕ್ ಎಂದರೆ ರೇಡಾರ್ ಪರದೆಯಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಸಂಕೇತ. 7700 ತುರ್ತು ಪರಿಸ್ಥಿತಿ, 7600 ರೇಡಿಯೊ ಕೆಟ್ಟಿದೆ, 7500 ಅಪಹರಣ. ಇನ್ನು ಸಂಕಟದ ಕರೆಗಳು. ಮೂರು ಸಲ "ಮೇಡೇ" ಎಂದರೆ ಜೀವಕ್ಕೆ ಅಪಾಯ, ಕೂಡಲೇ ನೆರವು ಬೇಕು. ಮೂರು ಸಲ "ಪ್ಯಾನ್ ಪ್ಯಾನ್" ಎಂದರೆ ತುರ್ತು, ಆದರೆ ಪ್ರಾಣ ಹೋಗುವಷ್ಟಲ್ಲ. ಈ ಪದ ಹೇಳಲು ಸಂಕೋಚಪಟ್ಟರೆ ಏನಾಗುತ್ತದೆ ಎಂಬುದಕ್ಕೆ 1990ರ ಜನವರಿ 25ರ ಅವಿಯಾಂಕಾ 52 ಸಾಕ್ಷಿ. ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಆ ವಿಮಾನವನ್ನು ಕೆಟ್ಟ ಹವೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗಿಯುತ್ತಿದೆ, ಆದ್ಯತೆ ಬೇಕು ಎಂದರು ಸಹಪೈಲಟ್. ತುರ್ತು ಪರಿಸ್ಥಿತಿ ಎಂಬ ಪದ ಅವರ ಬಾಯಿಂದ ಬರಲಿಲ್ಲ. ನಿಯಂತ್ರಕರಿಗೆ ಅದು ದಿನವೂ ಕೇಳುವ ಬೇಡಿಕೆಯಂತೆ ಕಂಡಿತು. ಇಂಧನ ಬತ್ತಿ ವಿಮಾನ ಬಿತ್ತು, 73 ಜನ ಸತ್ತರು. ಇಂದು ಇದಕ್ಕೆ ಎರಡು ಸ್ಪಷ್ಟ ಮಟ್ಟಗಳಿವೆ. "ಮಿನಿಮಮ್ ಫ್ಯುಯೆಲ್" ಎಂದರೆ ಇನ್ನಷ್ಟು ವಿಳಂಬ ಸಹಿಸಲಾರೆ. "ಮೇಡೇ ಫ್ಯುಯೆಲ್" ಎಂದರೆ ಕೊನೆಯ ಮೀಸಲು ಇಂಧನವನ್ನೇ ಮುಟ್ಟಬೇಕಾಗುತ್ತದೆ, ದಾರಿ ಬಿಡಿ.

ಇದರ ಜೊತೆಗೆ ನಾನು ಪ್ರತಿ ಹೊಸ ಪೈಲಟ್‌ಗೂ ಕಲಿಸಬಯಸುವ ಪದ "ಅನೇಬಲ್". ಆಗುವುದಿಲ್ಲ ಎಂದರ್ಥ, ಅಷ್ಟೇ. ಕ್ಷಮೆ, ವಿವರಣೆ ಯಾವುದೂ ಬೇಕಿಲ್ಲ. 2009ರ ಜನವರಿ 15ರಂದು ಎರಡೂ ಎಂಜಿನ್‌ಗಳು ಹಕ್ಕಿಗಳಿಂದ ಸತ್ತಾಗ, ಯಾವ ರನ್‌ವೇಗೆ ಬರುತ್ತೀರಿ ಎಂದು ನಿಯಂತ್ರಕರು ಕೇಳುತ್ತಿದ್ದರೆ ಕ್ಯಾಪ್ಟನ್ ಸಲೆನ್‌ಬರ್ಗರ್ ಆ ಪದವನ್ನೇ ಹೇಳಿ ನ್ಯೂಯಾರ್ಕ್‌ನ ಹಡ್ಸನ್ ನದಿಗೆ ವಿಮಾನ ಇಳಿಸಿದರು. 155 ಜನರೂ ಬದುಕಿದರು. ಹಿರಿಯರಿಗೆ ಎದುರಾಡಬಾರದು ಎಂದು ಬೆಳೆದ ನಮ್ಮ ಮಕ್ಕಳ ನಾಲಿಗೆಗೆ ಈ ಪದ ಸುಲಭವಾಗಿ ಬರುವುದಿಲ್ಲ. ಕೂಡಿಸಿ, ಗುಣಿಸಿ ಕಲಿಯುವಂತೆಯೇ ಇದನ್ನೂ ಅಭ್ಯಾಸ ಮಾಡಿ ಕಲಿಯಬೇಕು.

ಪ್ರಯಾಣಿಕರಾಗಿ ನೀವು ಕೇಳುವ "ಆರ್ಮ್ ಡೋರ್ಸ್ ಅಂಡ್ ಕ್ರಾಸ್ ಚೆಕ್" ಎಂಬ ಘೋಷಣೆ ಸಿಬ್ಬಂದಿಗೆ ಕೊಡುವ ಆದೇಶ. ಬಾಗಿಲು ತೆರೆದರೆ ತುರ್ತು ಜಾರುಬಂಡೆ ತಾನಾಗಿ ಉಬ್ಬುವಂತೆ ಸಜ್ಜುಗೊಳಿಸಿ, ಎದುರು ಬಾಗಿಲಿನವರ ಕೆಲಸವನ್ನೂ ಪರೀಕ್ಷಿಸಿ ಎಂದರ್ಥ. ನಿಲ್ದಾಣ ತಲುಪಿದ ಮೇಲೆ ಇದನ್ನೇ ಬಿಚ್ಚುವುದು ಡಿಸ್‌ಆರ್ಮ್.

ಕನ್ನಡ ಮಾಧ್ಯಮದ ಚಿಂತೆ ಬಿಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪೈಲಟ್‌ಗಳ ಇಂಗ್ಲಿಷ್ ಅನ್ನು ಒಂದರಿಂದ ಆರು ಹಂತಗಳಲ್ಲಿ ಅಳೆಯುತ್ತಾರೆ, ನಾಲ್ಕನೆಯ ಹಂತ ಸಾಕು. ಉಚ್ಚಾರಣೆಯಲ್ಲಿ ಊರಿನ ಛಾಯೆ ಇರಬಹುದು, ಅರ್ಥವಾಗುವುದಕ್ಕೆ ಅಡ್ಡಿಯಾಗದಿದ್ದರೆ ಆಯಿತು. ಲಂಡನ್ನಿನವರಂತೆ ಮಾತನಾಡುವ ಪ್ರಯತ್ನ ಅವಳಿಗೆ ಬೇಡ. ನಿಧಾನ, ಸ್ಪಷ್ಟತೆ, ಅಂಕಿಗಳಲ್ಲಿ ತಪ್ಪಿಲ್ಲದಿರುವುದು ಬೇಕು. ಮನೆಯಲ್ಲಿ ನೀವು ಇಂಗ್ಲಿಷ್‌ನಲ್ಲಿ ಎತ್ತರ, ದಿಕ್ಕು, ರನ್‌ವೇ ಸಂಖ್ಯೆ ಓದಿ ಹೇಳಿ, ಅವಳು ಬರೆದುಕೊಳ್ಳದೆ ತಿರುಗಿ ಹೇಳಲಿ. ಬೇಕೆಂದೇ ಕೆಲವೊಮ್ಮೆ ಅಸ್ಪಷ್ಟವಾಗಿ ಹೇಳಿ. ಊಹಿಸದೆ "ಸೇ ಅಗೈನ್" ಎಂದು ಕೇಳುತ್ತಾಳೆಯೇ ನೋಡಿ.

ಇನ್ನೊಂದು ಅಭ್ಯಾಸ. ಮಂಗಳೂರು ನಿಲ್ದಾಣದ ಹವಾ ವರದಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ನಿಲ್ದಾಣದ ಸಂಕೇತ ವಿಒಎಂಎಲ್. ಅದರಲ್ಲಿ 25012ಕೆಟಿ ಎಂದಿದ್ದರೆ 250 ಡಿಗ್ರಿ ದಿಕ್ಕಿನಿಂದ 12 ನಾಟ್ ಗಾಳಿ ಬೀಸುತ್ತಿದೆ ಎಂದರ್ಥ. ರನ್‌ವೇ ಸಂಖ್ಯೆ ಎಂದರೆ ಅದರ ದಿಕ್ಸೂಚಿ ದಿಕ್ಕನ್ನು ಹತ್ತರ ಲೆಕ್ಕಕ್ಕೆ ತಂದು ಕೊನೆಯ ಸೊನ್ನೆ ಬಿಟ್ಟದ್ದು. ಮಂಗಳೂರಿನಲ್ಲಿ ಒಂದು ತುದಿಯಿಂದ 24, ಇನ್ನೊಂದು ತುದಿಯಿಂದ 06. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ನಾಳೆ ಬೆಳಿಗ್ಗೆ ವರದಿ ತೆರೆದು, ಮೊದಲ ವಿಮಾನ ಯಾವ ತುದಿಯಿಂದ ಇಳಿಯುತ್ತದೆ ಎಂದು ಅವಳೇ ಲೆಕ್ಕ ಹಾಕಿ ಹೇಳಲಿ.